ಜಲಜಾ ಸಿಸ್ಟರ್ ಕಂಡ ಕರಡಿ

ಕರಡಿ ಹರಿದ ಮುಖ ಹೇಗಿರುತ್ತದೆ ಎನ್ನುವುದು ಜಲಜಾಗೆ ಚೆನ್ನಾಗಿ ಗೊತ್ತಿತ್ತು. ಕರಡಿ ಹೇಗಿರುತ್ತದೆ ಎನ್ನುವುದು ಮಾತ್ರ ಬಹಳ ವರ್ಷ ಗೊತ್ತಿರಲಿಲ್ಲ.

ಅವಳು ಗದಗದ ಕಡೆಯವಳು. ನರ್ಸಿಂಗ್ ಮುಗಿಸಿದ ವರ್ಷವೇ ಮದುವೆಯಾಗಿ, ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದ ಸಿದ್ದಲಿಂಗಪ್ಪನ ಹಿಂದೆ ವಡೋದರಾಕ್ಕೆ ಬಂದಳು. ಮೊದಲು ಕ್ವಾರ್ಟರ್ಸು, ಆಮೇಲೆ ಗೋರ್ವಾ ಬಡಾವಣೆಯ ಒಂದು ಸೊಸೈಟಿಯಲ್ಲಿ ಸ್ವಂತ ಮನೆ. ಮಗಳು ನಿಶ್ಚಿತಾ ಶಾಲೆಗೆ ಹೋಗಲು ಶುರುಮಾಡಿದ ಮೇಲೆ ಜಲಜಾ ಒಂದು ಟ್ರಸ್ಟ್ ಆಸ್ಪತ್ರೆಗೆ ಸೇರಿದಳು. ಅಲ್ಲಿ ಅವಳನ್ನು ಹಾಕಿದ್ದು ಪ್ಲಾಸ್ಟಿಕ್ ಸರ್ಜರಿ ವಾರ್ಡಿಗೆ. ಹೆಸರು ಕೇಳಿ ಸಿದ್ದಲಿಂಗಪ್ಪ, ಸಿನಿಮಾ ನಟಿಯರ ಮೂಗು ನೆಟ್ಟಗೆ ಮಾಡುವ ಜಾಗ ಇರಬೇಕು ಅಂದುಕೊಂಡಿದ್ದ. ಅಲ್ಲಿಗೆ ಬರುತ್ತಿದ್ದವರು ಕಾರ್ಖಾನೆಗಳಲ್ಲಿ ಯಂತ್ರಕ್ಕೆ ಬೆರಳು ಕೊಟ್ಟವರು, ಮೈಮೇಲೆ ಆಸಿಡ್ ಚೆಲ್ಲಿಕೊಂಡವರು, ಸ್ಟವ್ ಸಿಡಿದು ಸುಟ್ಟವರು. ಉತ್ತರಾಯಣದ ಹಬ್ಬದಲ್ಲಿ ಗಾಳಿಪಟದ ಮಾಂಜಾ ದಾರಕ್ಕೆ ಕುತ್ತಿಗೆ ಕೊಯ್ದುಕೊಂಡ ಬೈಕ್ ಸವಾರರು. ಮತ್ತೆ, ಬೇಸಿಗೆ ಹತ್ತಿರವಾದಂತೆ, ಕರಡಿಯ ಪೇಷಂಟುಗಳು.

ವಡೋದರಾದಿಂದ ಮೂಡಲಿಗೆ ಹೋದರೆ ದಾಹೋದ್, ಛೋಟಾ ಉದೇಪುರದ ಬೆಟ್ಟಗಳು. ಚಳಿ ಹಿಂದೆ ಸರಿದು ಅಲ್ಲಿ ಹಿಪ್ಪೆಯ ಹೂವು ಉದುರತೊಡಗಿದರೆ ಊರಿಗೆ ಊರೇ ನಸುಕಿನಲ್ಲಿ ಬುಟ್ಟಿ ಹಿಡಿದು ಮರದಡಿ ಹೋಗುತ್ತದೆ. ಅದೇ ಹೂವಿಗೆ ಅದೇ ಹೊತ್ತಿನಲ್ಲಿ ಕರಡಿಯೂ ಬರುತ್ತದೆ. ಎರಡೂ ಕಡೆಯವರು ತಲೆ ಬಗ್ಗಿಸಿಕೊಂಡೇ ಇರುವುದರಿಂದ ತೀರಾ ಹತ್ತಿರವಾಗುವ ತನಕ ಒಬ್ಬರಿಗೊಬ್ಬರ ಸುಳಿವಿರುವುದಿಲ್ಲ. ಗಾಬರಿಯಾದ ಕರಡಿ ಎದ್ದು ನಿಂತು ಮುಖಕ್ಕೇ ಕೈ ಹಾಕುತ್ತದೆ.

ಜಲಜಾಳ ಬಾಯಿ ಜೋರು, ಕೈ ಮಾತ್ರ ಹಗುರ. ಒಣಗಿ ಅಂಟಿಕೊಂಡ ಬ್ಯಾಂಡೇಜನ್ನು ಅವಳು ಬಿಚ್ಚಿದರೆ ನೋವಾಗುವುದು ಕಡಿಮೆ ಎಂದು ಪೇಷಂಟುಗಳು ಅವಳ ಪಾಳಿಗೆ ಕಾಯುತ್ತಿದ್ದರು. ಡ್ರೆಸಿಂಗ್ ಮಾಡುವಾಗ ಗಮನ ಬೇರೆ ಕಡೆ ಹೋಗಲೆಂದು ಏನಾದರೂ ಕೇಳುತ್ತಿರುವುದು ಅವಳ ರೂಢಿ. ಕರಡಿಯ ಪೇಷಂಟುಗಳಿಗೆ ಅವಳು ಕೇಳುತ್ತಿದ್ದ ಮಾತು ಒಂದೇ: "ಎಷ್ಟು ದೊಡ್ಡದಿತ್ತು?" ಒಬ್ಬ ಎಮ್ಮೆಯಷ್ಟಿತ್ತು ಅಂದ. ಇನ್ನೊಬ್ಬ ಆಳೆತ್ತರ ಅಂದ. ಒಬ್ಬ ಮುದುಕ ಬಣವೆಗೆ ಕಾಲು ಬಂದಂತಿತ್ತು ಅಂದ. ಯಾರ ಕರಡಿಯೂ ಮತ್ತೊಬ್ಬರ ಕರಡಿಯ ಹಾಗಿರಲಿಲ್ಲ. ಅವಳು ತಾನೇ ನೋಡಿದ್ದೆಂದರೆ ಚಿಕ್ಕವಳಿದ್ದಾಗ ಮನೆಮುಂದೆ ಮೂಗುದಾರ ಹಾಕಿ ಕುಣಿಸುತ್ತಿದ್ದ ಬಡಕಲು ಕರಡಿ. ಆಮೇಲೆ ನಿಶ್ಚಿತಾಳನ್ನು ಕರೆದುಕೊಂಡು ಕಮಾಟಿಬಾಗಿನ ಪ್ರಾಣಿಸಂಗ್ರಹಾಲಯಕ್ಕೆ ಹೋದಾಗ ಒಂದು ಕರಡಿ ಗೋಡೆಗೆ ಮುಖ ಮಾಡಿ ಮಲಗಿತ್ತು.

ಝೀಣಿಬೆನ್ ರಾಠ್ವಾ ಬಂದದ್ದು ಅಂಥ ಒಂದು ಹಿಪ್ಪೆಯ ಹೂವಿನ ಕಾಲದಲ್ಲಿ. ರತನಮಹಾಲ್ ಬೆಟ್ಟದ ಬುಡದ ಹಳ್ಳಿಯವಳು, ನಲವತ್ತರ ಆಸುಪಾಸು. ಮುಖಕ್ಕೆ ಸುತ್ತಿದ್ದ ಟವೆಲ್ಲು ತೆಗೆದಾಗ ಬಲಗಣ್ಣು ಉಳಿಯುವುದಿಲ್ಲ ಎಂದು ಜಲಜಾಗೆ ಡಾಕ್ಟರು ಹೇಳುವ ಮೊದಲೇ ತಿಳಿಯಿತು. ಮೂಗು, ಕೆನ್ನೆ ಎರಡನ್ನೂ ಹೊಸದಾಗಿ ಕಟ್ಟಬೇಕಿತ್ತು. ಹಣೆಯ ಚರ್ಮ ಇಳಿಸಿ, ತೊಡೆಯ ಚರ್ಮ ತಂದು, ಒಂದಾದ ಮೇಲೆ ಒಂದು ಆಪರೇಷನ್ ಆಗುತ್ತ ಆಕೆ ಮಳೆಗಾಲದ ತನಕ ವಾರ್ಡಿನಲ್ಲೇ ಇದ್ದಳು. ಊಟಕ್ಕೂ ಸೀರೆಯ ಸೆರಗನ್ನು ಮುಖದ ಮೇಲಿಂದ ತೆಗೆಯುತ್ತಿರಲಿಲ್ಲ.

ಜಲಜಾ ಗುಜರಾತಿಯಲ್ಲಿ ಎಂದಿನ ಪ್ರಶ್ನೆ ಕೇಳಿದಾಗ ಝೀಣಿ ಇಲ್ಲವೆನ್ನುವಂತೆ ಕೈಯಾಡಿಸಿದಳು.

"ನಾನು ನೋಡಲೇ ಇಲ್ಲ, ಸಿಸ್ಟರ್‌ಬೆನ್. ಬಗ್ಗಿ ಹೂವು ಆಯುತ್ತಿದ್ದೆ. ಒಂದು ವಾಸನೆ ಬಂತು, ಆಮೇಲೆ ಕಪ್ಪಾಯಿತು. ಅಷ್ಟೇ."

"ಏನೂ ಕಾಣಲಿಲ್ಲವಾ?"

"ಕೂದಲು ಕಂಡಿರಬೇಕು. ನನ್ನದೋ ಅದರದೋ."

ಆ ಉತ್ತರ ಜಲಜಾಳ ತಲೆಯಲ್ಲಿ ಉಳಿದುಬಿಟ್ಟಿತು. ಇಷ್ಟು ವರ್ಷ ಅವಳಿಗೆ ಬೇರೆ ಬೇರೆ ಕರಡಿಗಳ ಅಳತೆ ಹೇಳಿದವರು ಕೂಡ ಬಹುಶಃ ಏನನ್ನೂ ನೋಡಿರಲಿಲ್ಲ.

ಊರಿಗೆ ಹೋದ ಮೇಲೂ ಝೀಣಿ ಆಗಾಗ ತೋರಿಸಲು ಬರುತ್ತಿದ್ದಳು. ಬರುವಾಗ ಬರಿಗೈಯಲ್ಲಿ ಬರುತ್ತಿರಲಿಲ್ಲ. ಒಮ್ಮೆ ಜೋಳ, ಒಮ್ಮೆ ತೊಗರಿಕಾಯಿ. ಒಂದು ಚಳಿಗಾಲ ಬಟ್ಟೆಯ ಗಂಟಿನ ತುಂಬ ಬೋರೆಹಣ್ಣು ತಂದಳು. ಪೇಟೆಯ ದಪ್ಪ ಬೋರೆಯಲ್ಲ, ಗೋಲಿಗಿಂತ ಸಣ್ಣವು, ಹುಳಿ, ಬೀಜವೇ ಹೆಚ್ಚು. ಜಲಜಾ ನರ್ಸುಗಳ ಕೋಣೆಯಲ್ಲಿ ಕೂತು ತಿನ್ನುತ್ತ, "ಇವು ಎಲ್ಲಿ ಸಿಗುತ್ತವೆ?" ಅಂತ ಕೇಳಿದಳು.

"ಬೆಟ್ಟದ ಮೇಲೆ ಹುಲ್ಲುಗಾವಲಿದೆ, ಅಲ್ಲಿ. ಸೊಸೆ ಆಯ್ದು ತರುತ್ತಾಳೆ. ನಾನು ಹೋಗುವುದಿಲ್ಲ."

"ಕರಡಿ?"

"ಅದೂ ಅಲ್ಲೇ ತಿನ್ನುತ್ತದೆ. ಈ ಕಾಲದಲ್ಲಿ ಅದಕ್ಕೆ ಬೇರೆ ಏನಿದೆ?"

ಜಲಜಾ ಬಾಯಲ್ಲಿದ್ದ ಬೀಜ ಉಗಿದು, "ನನಗೆ ಒಂದು ಸಲ ತೋರಿಸುತ್ತೀಯಾ?" ಅಂದಳು. ಹಾಗೆ ಕೇಳಬೇಕೆಂದು ಅವಳು ಮೊದಲೇನೂ ಯೋಚಿಸಿರಲಿಲ್ಲ.

ಝೀಣಿ ಉಳಿದ ಒಂದು ಕಣ್ಣಿನಿಂದ ಅವಳನ್ನು ನೋಡಿದಳು. "ನಾನು ಬರುವುದಿಲ್ಲ. ಮೈದುನ ರಾಮ್‌ಸಿಂಗ್ ಅರಣ್ಯದವರ ಹತ್ತಿರ ಕಾವಲು ಕೆಲಸ ಮಾಡುತ್ತಾನೆ. ಅವನು ತೋರಿಸುತ್ತಾನೆ."

ಆ ಸಂಜೆ ಮನೆಯಲ್ಲಿ ಸುದ್ದಿ ಹೇಳಿದಾಗ ಸಿದ್ದಲಿಂಗಪ್ಪ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದ.

"ಕರಡಿ ನೋಡಾಕ ಹೊಂಟೀಯೇನು? ದವಾಖಾನ್ಯಾಗ ನೋಡಿದ್ದು ಸಾಲಲಿಲ್ಲೇನು ನಿನಗ?"

"ದವಾಖಾನ್ಯಾಗ ಕರಡಿ ಎಲ್ಲೈತ್ರೀ? ಅದು ಮಾಡಿದ ಕೆಲಸ ಅಷ್ಟ ಐತಿ."

"ಅದು ಮಾಡಿದ ಕೆಲಸ ನೋಡಿದ ಮ್ಯಾಲೂ ಅದನ್ನ ನೋಡಬೇಕು ಅಂತೀಯಲ್ಲ!"

ಆದರೂ ಅವಳೊಬ್ಬಳನ್ನೇ ಕಳಿಸಲು ಅವನಿಗೆ ಮನಸ್ಸಾಗಲಿಲ್ಲ. ಒಂದು ಭಾನುವಾರ ಬೆಳಗಿನ ಬಸ್ಸು ಹಿಡಿದು ದೇವಗಢ ಬಾರಿಯಾಕ್ಕೆ ಹೋಗಿ, ಅಲ್ಲಿಂದ ಜೀಪಿನಲ್ಲಿ ಇನ್ನೂ ಹನ್ನೆರಡು ಜನರ ಜೊತೆ ಒತ್ತಿಕೊಂಡು ಹಳ್ಳಿ ತಲುಪಿದರು. ಸಿದ್ದಲಿಂಗಪ್ಪ ಬೆಟ್ಟವನ್ನು ಕೆಳಗಿನಿಂದ ಮೇಲೆ ಒಮ್ಮೆ ನೋಡಿ, ಮೊಣಕಾಲು ಮುಟ್ಟಿಕೊಂಡು, ಝೀಣಿಯ ಅಂಗಳದ ಮಂಚದ ಮೇಲೆ ಕೂತುಬಿಟ್ಟ. ಜಲಜಾ ರಾಮ್‌ಸಿಂಗನ ಹಿಂದೆ ಹತ್ತಿದಳು.

ಮೇಲೆ ತೇಗ, ಬಿದಿರು ಮುಗಿದು ಹುಲ್ಲುಗಾವಲು ತೆರೆದುಕೊಂಡಿತು. ಹುಲ್ಲೆಲ್ಲ ಒಣಗಿ ಹಳದಿ. ಅದರ ನಡುನಡುವೆ ಬೋರೆಯ ಪೊದೆಗಳು. ದಾರಿಯಲ್ಲಿ ರಾಮ್‌ಸಿಂಗ್ ಕಾಲಿನಿಂದ ತೋರಿಸಿದ್ದು ಕರಡಿಯ ಲದ್ದಿ. ತುಂಬ ಬೋರೆಯ ಬೀಜ, ನುಣ್ಣಗೆ ತೊಳೆದಿಟ್ಟಂತೆ. ಅವನು ಗಾಳಿ ಮುಖಕ್ಕೆ ಬೀಸುವಂತೆ ನೋಡಿಕೊಂಡು, ಒಂದು ಕೊರಕಲಿನ ಈಚೆ ಬಂಡೆಯ ಮೇಲೆ ಅವಳನ್ನು ಕೂರಿಸಿದ. ಮಾತಾಡಬೇಡಿ ಅಂದ. ಬಿಸಿಲು ಇಳಿಯುವ ತನಕ ಏನೂ ಬರಲಿಲ್ಲ. ಜಲಜಾಳ ಕಾಲು ಜೋಮು ಹಿಡಿಯಿತು.

ಆಮೇಲೆ ಎದುರು ಇಳಿಜಾರಿನಲ್ಲಿ ಪೊದೆಯ ನೆರಳು ಅಂದುಕೊಂಡಿದ್ದದ್ದು ನಡೆಯತೊಡಗಿತು.

ಎರಡಿದ್ದವು. ಒಂದು ತಾಯಿ, ಇನ್ನೊಂದು ಹಿಂದಿನ ವರ್ಷದ ಮರಿ, ಮುಕ್ಕಾಲು ಬೆಳೆದದ್ದು. ತಾಯಿ ಎಮ್ಮೆಯಷ್ಟೂ ಇರಲಿಲ್ಲ, ಬಣವೆಯಷ್ಟೂ ಇರಲಿಲ್ಲ. ಮಾಸಿದ ಕಂಬಳಿ ಹೊದ್ದು ಯಾರೋ ಕೈಯೂರಿ ನಡೆದಂತೆ ಅಡ್ಡಾದಿಡ್ಡಿಯಾಗಿ ಬಂತು. ಪೊದೆಯ ಬುಡದಲ್ಲಿ ಕೂತು, ಒಂದು ಕೊಂಬೆಯನ್ನು ಉಗುರುಗಳಿಂದ ಎಳೆದುಕೊಂಡು, ತುಟಿಯನ್ನು ಮುಂದೆ ಚಾಚಿ ಹಣ್ಣುಗಳನ್ನು ಒಂದೊಂದಾಗಿ ಬಿಡಿಸತೊಡಗಿತು. ಮೊಲೆ ಹುಡುಕುವ ಕೂಸಿನ ತುಟಿಯ ಹಾಗೆ ಆ ತುಟಿ ಮುಳ್ಳಿನ ನಡುವೆ ತಡಕಾಡುತ್ತಿತ್ತು. ಕೊಂಬೆ ಬರಿದಾದ ಮೇಲೆ ಬಿಟ್ಟು ಇನ್ನೊಂದು. ನೆಲಕ್ಕೆ ಬಿದ್ದವನ್ನು ಊದಿ, ಎಲೆ ಮಣ್ಣು ಹಾರಿಸಿ, ಆಮೇಲೆ ಬಾಯಿಗೆ ಎಳೆದುಕೊಳ್ಳುತ್ತಿತ್ತು. ಆ ಸದ್ದು ಕೊರಕಲು ದಾಟಿ ಕೇಳುತ್ತಿತ್ತು. ಮರಿ ಹಳೆಯ ಅಭ್ಯಾಸದಿಂದ ತಾಯಿಯ ಬೆನ್ನು ಹತ್ತಲು ಹೋಯಿತು. ಭಾರಕ್ಕೆ ತಾಯಿ ವಾಲಿ, ಮೈ ಕೊಡವಿ ಅದನ್ನು ಕೆಳಗೆ ಹಾಕಿತು. ಮರಿ ಇನ್ನೊಮ್ಮೆ ಹತ್ತಿತು. ತಾಯಿ ತಿರುಗಿ ಒಂದು ಏಟು ಬಿಟ್ಟಿತು.

ಜಲಜಾ ನೋಡುತ್ತಿದ್ದದ್ದು ಉಗುರುಗಳನ್ನು. ಬೆಳ್ಳಗೆ, ಉದ್ದಕ್ಕೆ, ಬಾಗಿದ್ದವು. ಅವುಗಳ ನಡುವಿನ ಅಂತರ ಅವಳಿಗೆ ಬಾಯಿಪಾಠ. ಎಷ್ಟೋ ಕೆನ್ನೆಗಳ ಮೇಲೆ ಆ ಗೆರೆಗಳನ್ನು ಅವಳು ದಿನವೂ ತೊಳೆದಿದ್ದಳು. ವರ್ಷಗಟ್ಟಲೆ ಒಬ್ಬರ ಕೈಬರಹ ಮಾತ್ರ ಓದಿದ್ದು, ಆಮೇಲೊಂದು ದಿನ ಬಸ್‌ಸ್ಟ್ಯಾಂಡಿನಲ್ಲಿ ಅವರನ್ನೇ ಕಂಡ ಹಾಗಾಯಿತು. ಹೆದರಿಕೆ ಬರಲಿಲ್ಲ. ಕನಿಕರವೂ ಬರಲಿಲ್ಲ. ನೋಡುತ್ತಲೇ ಇರಬೇಕು ಅನ್ನಿಸಿತು, ಅಷ್ಟೆ. ಬೆಳಕು ಹೋಗುತ್ತದೆ ಎಂದು ರಾಮ್‌ಸಿಂಗ್ ಭುಜ ತಟ್ಟಿದಾಗ ಎದ್ದಳು.

ಅಲ್ಲಿಂದ ಅದು ಚಟವಾಯಿತು. ಚಳಿಗಾಲದ ಬೋರೆಗೆ ಒಮ್ಮೆ, ಮಳೆ ಹಿಡಿಯುವ ಮೊದಲು ನೇರಳೆಗೆ ಒಮ್ಮೆ. ಫೋಟೊ ತೆಗೆಯುತ್ತಿರಲಿಲ್ಲ, ಸಿದ್ದಲಿಂಗಪ್ಪನನ್ನು ಬಿಟ್ಟರೆ ಜೊತೆಗೆ ಯಾರನ್ನೂ ಕರೆಯುತ್ತಿರಲಿಲ್ಲ. ಅಷ್ಟು ಹೊತ್ತಿಗೆ ನಿಶ್ಚಿತಾ ಅಹಮದಾಬಾದಿನಲ್ಲಿ ಮನೆ ಒಳಾಂಗಣ ವಿನ್ಯಾಸ ಮಾಡುವವರ ಹತ್ತಿರ ಕೆಲಸಕ್ಕೆ ಸೇರಿ ಸ್ಯಾಟಲೈಟ್ ಬಡಾವಣೆಯಲ್ಲಿ ಗೆಳತಿಯರೊಂದಿಗೆ ಫ್ಲ್ಯಾಟು ಮಾಡಿದ್ದಳು. ಅವಳು ಫೋನಿನಲ್ಲಿ ಬೈದಳು.

"ಮಮ್ಮಿ, ಜಂಗಲ್‌ಗೆ ಹೋಗೋದೇ ಆದ್ರೆ ಗೀರ್‌ಗೆ ಹೋಗು ನೇ. ಲಯನ್ ನೋಡು. ಭಾಲೂ ಯಾರು ನೋಡ್ತಾರೆ? ನಿನ್ಗೆ ಏನಾದ್ರೂ ಆಯ್ತು ಅಂದ್ರೆ ಪಪ್ಪಾಗೆ ನಾನು ಏನ್ ಹೇಳ್ಬೇಕು?"

"ನಿಮ್ಮಪ್ಪಗ ನೀ ಏನ್ ಹೇಳ್ತೀ? ಅವರs ಅಲ್ಲಿ ಮಂಚದ ಮ್ಯಾಲ ಕುಂತಿರ್ತಾರ," ಅಂದಳು ಜಲಜಾ.

ಕೆಲವು ವರ್ಷ ಹೀಗೆ ಕಳೆದ ಮೇಲೆ, ಝೀಣಿಯ ಪಕ್ಕದ ಹಳ್ಳಿಯ ಒಬ್ಬ ಯುವಕನನ್ನು ವಾರ್ಡಿಗೆ ತಂದರು. ಎಮ್ಮೆ ಹುಡುಕಿಕೊಂಡು ಹೋದವನು. ಮುಖದ ಗಾಯ ಹೇಗೋ ವಾಸಿಯಾಗುತ್ತಿತ್ತು, ಕುತ್ತಿಗೆಯದು ಆಳವಾಗಿತ್ತು. ಮೂರನೆಯ ದಿನ ಹೋಗಿಬಿಟ್ಟ. ಹಳ್ಳಿಯಲ್ಲಿ ಜನ ಅರಣ್ಯದವರ ಜೀಪು ತಡೆದು, ಆ ಕರಡಿಯನ್ನು ಕೊಲ್ಲಿ, ಇಲ್ಲವಾದರೆ ನಾವೇ ಕೊಲ್ಲುತ್ತೇವೆ ಅಂದರು. ಅಧಿಕಾರಿಗಳು ಸಭೆ ಕರೆದರು. ದಾಳಿಯಾದರೆ ಏನು ಮಾಡಬೇಕು, ಗಾಯವನ್ನು ಹೇಗೆ ನೋಡಿಕೊಳ್ಳಬೇಕು ಎಂದು ಹೇಳಲು ಆಸ್ಪತ್ರೆಯಿಂದ ಯಾರನ್ನಾದರೂ ಕಳಿಸಿ ಎಂದು ಕೇಳಿದರು. ಡಾಕ್ಟರು ಜಲಜಾಳನ್ನು ಕಳಿಸಿದರು.

ಶಾಲೆಯ ಅಂಗಳದಲ್ಲಿ ಜನ ಸೇರಿದ್ದರು. ಅವಳು ಎದ್ದು ನಿಂತಾಗ ಮುಂದಿನ ಸಾಲಿನ ಹೆಂಗಸೊಬ್ಬಳು ಕೂತಲ್ಲಿಂದಲೇ ಅಂದಳು:

"ಈಕೆ ಕರಡಿ ನೋಡಲು ಬಸ್ಸು ಹತ್ತಿ ಬರುವ ಸಿಸ್ಟರ್‌ಬೆನ್ ಅಲ್ಲವಾ? ನೋಡುತ್ತೀ, ಮನೆಗೆ ಹೋಗುತ್ತೀ. ನಿನ್ನ ಮುಖ ಸರಿಯಾಗಿದೆ."

ಆಕೆ ಸತ್ತ ಯುವಕನ ಅತ್ತೆ ಎಂದು ಆಮೇಲೆ ತಿಳಿಯಿತು. "ಹೌದು, ಸರಿಯಾಗಿದೆ," ಅಂದಳು ಜಲಜಾ. ಆಮೇಲೆ ತಾನು ಹೇಳಬೇಕಾದ್ದನ್ನು ಹೇಳಿದಳು. ಒಬ್ಬೊಬ್ಬರೇ ಹೋಗಬೇಡಿ, ಮಾತಾಡುತ್ತ ಹೋಗಿ. ಮೇಲೆ ಬಿದ್ದರೆ ಮುಖ ನೆಲಕ್ಕೆ ಮಾಡಿ ಮಲಗಿ, ಎರಡೂ ಕೈ ಕುತ್ತಿಗೆಯ ಹಿಂದೆ ಹೆಣೆಯಿರಿ. ಗಾಯಕ್ಕೆ ಬೂದಿ, ತಂಬಾಕು ಹಾಕಬೇಡಿ. ಕಿತ್ತುಬಂದ ಚರ್ಮವನ್ನು ಕತ್ತರಿಸಿ ಎಸೆಯಬೇಡಿ, ಒದ್ದೆ ಬಟ್ಟೆಯಲ್ಲಿ ಮುಚ್ಚಿ ಹಾಗೆಯೇ ತನ್ನಿ. ಶಾಲೆಯ ಮಾಸ್ತರನನ್ನು ನೆಲದ ಮೇಲೆ ಮಲಗಿಸಿ ತೋರಿಸಿದಳು. ಕೆಲವರು ನಕ್ಕರು. ಆ ಹೆಂಗಸು ಎದ್ದು ಹೋದಳು. ಕರಡಿಯನ್ನು ಕೊಲ್ಲುವ ಮಾತು ಇತ್ಯರ್ಥವಾಗಲಿಲ್ಲ. ಮುಂದೆ ಯಾರೂ ಕೊಲ್ಲಲಿಲ್ಲ, ಪರಿಹಾರ ಬಂದ ಮೇಲೆ ಸಿಟ್ಟೂ ಮೆಲ್ಲಗೆ ಇಳಿಯಿತು.

ಸಭೆ ಮುಗಿದು ಜೀಪಿಗೆ ಕಾಯುತ್ತಿದ್ದಾಗ ಝೀಣಿ ಪಕ್ಕಕ್ಕೆ ಬಂದು ನಿಂತಳು.

"ಅವಳು ಹೇಳಿದ್ದು ತಪ್ಪಲ್ಲ," ಅಂದಳು.

"ತಪ್ಪಲ್ಲ."

"ಮುಂದಿನ ಸಲ ನೀವು ಹತ್ತುವಾಗ ನಾನೂ ಬರುತ್ತೇನೆ."

ಜಲಜಾ ತಿರುಗಿ ನೋಡಿದಳು. "ಯಾಕೆ? ನೀನು ಹಿತ್ತಲ ಬೇಲಿ ದಾಟಲೂ ಹೆದರುತ್ತೀಯ ಅಂತ ಸೊಸೆ ಹೇಳುತ್ತಾಳೆ."

"ಬಿದ್ದದ್ದು ನನ್ನ ಮೇಲೆ. ನೋಡಿದ್ದು ನೀವು," ಅಂದಳು ಝೀಣಿ. "ಇದು ಸರಿಯಾ?"

ಜನವರಿಯಲ್ಲಿ ಇಬ್ಬರೂ ಹತ್ತಿದರು. ದಾರಿಯುದ್ದಕ್ಕೂ ಝೀಣಿ ಜೋರಾಗಿ ಮಾತಾಡಿದಳು, ಕೆಮ್ಮಿದಳು, ಕೋಲಿನಿಂದ ಮರಗಳಿಗೆ ಬಡಿದಳು. ಹೀಗಾದರೆ ಕರಡಿ ಮಧ್ಯಪ್ರದೇಶಕ್ಕೆ ಓಡಿಹೋಗುತ್ತದೆ ಎಂದು ರಾಮ್‌ಸಿಂಗ್ ನಕ್ಕ. ಬಂಡೆಯ ಮೇಲೆ ಕೂತ ಮೇಲೆ ಅವಳು ಬಾಯಿ ಮುಚ್ಚಿ ಜಲಜಾಳ ಮುಂಗೈ ಹಿಡಿದುಕೊಂಡಳು. ಬಳೆ ಚರ್ಮಕ್ಕೆ ಒತ್ತುವಷ್ಟು ಬಿಗಿ.

ಆ ದಿನ ಬಂದದ್ದು ಒಂಟಿ ಗಂಡು ಕರಡಿ. ಹುಲ್ಲಿನಿಂದ ತಲೆಯೆತ್ತಿ ಒಮ್ಮೆ ಮೂಸಿ, ಮತ್ತೆ ತಗ್ಗಿಸಿ, ನೇರ ಪೊದೆಗೆ ಹೋಗಿ ತಿನ್ನತೊಡಗಿತು. ಝೀಣಿ ಇರುವ ಕಣ್ಣಿಗೆ ಸರಿಯಾಗಿ ಕಾಣಲೆಂದು ಕತ್ತನ್ನು ಪಕ್ಕಕ್ಕೆ ತಿರುಗಿಸಿ ನೋಡಿದಳು. ಬಹಳ ಹೊತ್ತು ನೋಡಿದಳು. ಹಿಡಿದಿದ್ದ ಕೈ ಸ್ವಲ್ಪ ಸಡಿಲವಾಯಿತು.

"ಇಷ್ಟು ಸಣ್ಣದಾ?" ಎಂದು ಪಿಸುಗುಟ್ಟಿದಳು.

ಆಗ ಕರಡಿ ಕೆಳಗಿನ ಹಣ್ಣು ಮುಗಿಸಿ, ಮೇಲಿನ ಕೊಂಬೆಗೆಂದು ಹಿಂಗಾಲ ಮೇಲೆ ಎದ್ದು ನಿಂತಿತು. ಎದೆಯ ಬಿಳಿ ಪಟ್ಟೆ ಕಂಡಿತು, ಎರಡೂ ಕೈ ಮೇಲೆದ್ದವು. ಝೀಣಿಯ ಗಂಟಲಿನಿಂದ ಏನೋ ಒಂದು ಸದ್ದು ಬಂತು. ಅವಳು ಎದ್ದವಳೇ ಹಿಂದೆ ನೋಡದೆ ಇಳಿಯತೊಡಗಿದಳು. ಕರಡಿಗೆ ಕೇಳಿಸಿತು. ದೊಪ್ಪನೆ ಕೆಳಗಿಳಿದು, ಒಂದು ಸಲ ಬುಸುಗುಟ್ಟಿ, ಆಚೆಯ ಇಳಿಜಾರಿನಲ್ಲಿ ಓಡಿ ಮರೆಯಾಯಿತು.

ಜಲಜಾ ಅವಳನ್ನು ಹಿಡಿದದ್ದು ಕೆಳಗಿನ ತೊರೆಯ ಹತ್ತಿರ. ಝೀಣಿ ನೀರಿಗೆ ಬಗ್ಗಿ ಮುಖ ತೊಳೆದುಕೊಳ್ಳುತ್ತಿದ್ದಳು.

"ನೋಡಿದೆಯಾ?"

"ನೋಡಿದೆ."

"ಮನಸ್ಸು ಹಗುರಾಯಿತಾ?"

"ಇಲ್ಲ, ಸಿಸ್ಟರ್‌ಬೆನ್. ಮೊದಲು ಕನಸಿನಲ್ಲಿ ಬರುತ್ತಿದ್ದದ್ದು ಬರೀ ಕಪ್ಪು. ಇನ್ನು ಮುಖ ಇಟ್ಟುಕೊಂಡು ಬರುತ್ತದೆ."

ಝೀಣಿಯ ಮನೆಯಲ್ಲಿ ಸೊಸೆ ತಮ್ಮ ಹಳ್ಳಿಯ ಮಾತಿನಲ್ಲಿ ಜಲಜಾಳಿಗೆ ಚೆನ್ನಾಗಿ ಬೈದಳು. ಎಲ್ಲ ಪದ ಗೊತ್ತಾಗದಿದ್ದರೂ ಅರ್ಥ ಗೊತ್ತಾಯಿತು. ಜಲಜಾ ಕೇಳಿಸಿಕೊಂಡು ಕೂತಳು. ವಾಪಸು ಬರುವಾಗ ಬಸ್ಸಿನಲ್ಲಿ ಸಿದ್ದಲಿಂಗಪ್ಪ, "ಆಕಿನ್ನ ಕರಕೊಂಡು ಹೋಗಬಾರದಿತ್ತು ನೀ," ಅಂದ. "ಆಕಿನs ಬಂದಳ್ರೀ," ಅಂದಳು. ಸ್ವಲ್ಪ ಹೊತ್ತಿನ ಮೇಲೆ, "ಬ್ಯಾಡ ಅನ್ನಬಹುದಿತ್ತು, ಅನ್ನಲಿಲ್ಲ," ಅಂದಳು. ಗೋಧ್ರಾದ ಹತ್ತಿರ ಕತ್ತಲಾಗಿತ್ತು.

ಆ ಬೇಸಿಗೆ ಝೀಣಿ ಆಸ್ಪತ್ರೆಗೆ ಬರಲಿಲ್ಲ. ಜಲಜಾ ಕೂಡ ನೇರಳೆಗೆ ಬೆಟ್ಟಕ್ಕೆ ಹೋಗಲಿಲ್ಲ. ಫೋನ್ ಮಾಡೋಣ ಎಂದು ಒಂದೆರಡು ಸಲ ಕೈಗೆತ್ತಿಕೊಂಡು ಕೆಳಗಿಟ್ಟಳು. ಮಳೆಗಾಲ ಮುಗಿಯುತ್ತ ಬಂದಾಗ ಝೀಣಿ ತಾನೇ ಬಂದಳು, ಕೃತಕ ಕಣ್ಣು ಕೂರಿಸಿಕೊಳ್ಳಲು. ಎಷ್ಟೋ ವರ್ಷದಿಂದ ಡಾಕ್ಟರು ಹೇಳಿದರೂ ಬೇಡವೆನ್ನುತ್ತಿದ್ದವಳು ಈಗ ಕಿರಿಮಗಳ ಮದುವೆ ಗೊತ್ತಾಗಿದೆ ಅಂದಳು. ಅಳತೆ ತೆಗೆಯುವವನು ಬರುವ ತನಕ ಇಬ್ಬರೂ ಬೆಂಚಿನ ಮೇಲೆ ಕೂತರು.

"ಕನಸು ಬೀಳುತ್ತದಾ?" ಎಂದು ಜಲಜಾ ಕೇಳಿದಳು.

"ಬೀಳುತ್ತದೆ. ಮೊದಲು ಬರುತ್ತಿದ್ದದ್ದು ಬೇರೆ. ಈಗ ಬರುವುದು ಬೇರೆ."

ಯಾವುದು ಮೇಲು ಎಂದು ಜಲಜಾ ಕೇಳಲಿಲ್ಲ. ಕಂದು ಬಣ್ಣದ ಕಣ್ಣುಗಳಲ್ಲಿ ಯಾವುದು ಹೊಂದುತ್ತದೆ ಎಂದು ಅವರು ತುಂಬ ಹೊತ್ತು ಅಳತೆಯವನು ತಂದ ಪೆಟ್ಟಿಗೆಯಲ್ಲಿ ಹುಡುಕಿದರು. ಝೀಣಿ ತನ್ನದಕ್ಕಿಂತ ಸ್ವಲ್ಪ ತಿಳಿಯಾದದ್ದನ್ನು ಆರಿಸಿಕೊಂಡಳು.

ಕಳೆದ ವರ್ಷ ಜಲಜಾ ನಿವೃತ್ತಳಾದಳು. ಸಿದ್ದಲಿಂಗಪ್ಪ ಆಗಲೇ ಆಗಿದ್ದ. ಅಹಮದಾಬಾದಿಗೆ ಬಂದು ತನ್ನ ಹತ್ತಿರ ಇರಿ ಎಂದು ನಿಶ್ಚಿತಾ ಕರೆದಳು. ಇಬ್ಬರೂ ಹೋಗಿ ಒಂದು ವಾರ ಇದ್ದು, ಹತ್ತನೆಯ ಮಹಡಿಯಿಂದ ಕೆಳಗೆ ಇಳಿದು ಹತ್ತಿ ಬೇಸತ್ತು ಗೋರ್ವಾಕ್ಕೆ ಮರಳಿದರು. ಈ ಚಳಿಗಾಲ ಬೆಟ್ಟಕ್ಕೆ ಹೊರಟಾಗ, ಮೊಣಕಾಲಿಗೆ ಪಟ್ಟಿ ಕಟ್ಟಿಕೊಂಡು ತಾನೂ ಮೇಲೆ ಬರುತ್ತೇನೆಂದು ಸಿದ್ದಲಿಂಗಪ್ಪ ಹಟ ಹಿಡಿದ. ನಾಲ್ಕು ಕಡೆ ಕೂತು, ಉಸ್ಸೆಂದು, ಅಂತೂ ಬಂಡೆ ತಲುಪಿದ.

ಆ ಮಧ್ಯಾಹ್ನ ಅದೃಷ್ಟ ಚೆನ್ನಾಗಿತ್ತು. ಬೇಗನೆ ಒಂದು ಕರಡಿ ಬಂತು, ಸ್ವಲ್ಪ ಹೊತ್ತಿಗೆ ಮೇಲಿನ ಅಂಚಿನಲ್ಲಿ ಇನ್ನೊಂದು. ಎರಡೂ ಒಂದನ್ನೊಂದು ಗಮನಿಸದವರಂತೆ, ನಡುವೆ ಸಾಕಷ್ಟು ಜಾಗ ಬಿಟ್ಟು, ತಮ್ಮ ತಮ್ಮ ಪೊದೆ ಖಾಲಿ ಮಾಡುತ್ತ ಹೋದವು. ಸಿದ್ದಲಿಂಗಪ್ಪ ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದ.

"ಇದನ್ನs ಏನು ನೀ ಇಷ್ಟ ವರ್ಷ ನೋಡಿದ್ದು?"

"ಹೂಂ."

"ಬಾರೀಹಣ್ಣು ತಿಂತಾವ, ಅಷ್ಟs."

"ಅಷ್ಟs ರೀ."

ಅವನು ಇನ್ನೂ ಏನಾದರೂ ಆಗುತ್ತದೇನೋ ಎಂದು ಕಾದ. ಏನೂ ಆಗಲಿಲ್ಲ. ಬಿಸಿಲು ಬೆನ್ನಿಗೆ ಹಿತವಾಗಿತ್ತು. ಸ್ವಲ್ಪ ಹೊತ್ತಿನಲ್ಲಿ ಅವನ ತಲೆ ಮುಂದಕ್ಕೆ ವಾಲಿತು. ಗೊರಕೆ ಶುರುವಾದರೆ ಕರಡಿಗೆ ಕೇಳೀತೆಂದು ಜಲಜಾ ಅವನ ಪಕ್ಕೆಗೆ ಮೊಣಕೈ ಇಟ್ಟುಕೊಂಡು ಕೂತಳು. ಕೆಳಗಿನ ಕರಡಿ ಒಂದು ಪೊದೆ ಮುಗಿಸಿ ಇನ್ನೊಂದಕ್ಕೆ ನಡೆಯಿತು.